ಮೊಲದ ಕೇರಿಯ ಪತಾಕೆ

ಮೊಲದ ಕೇರಿಯ ಸಂಗ್ರಹಾಲಯದಲ್ಲಿ ಗೋಡೆ ಬರಿದಾಗಿತ್ತು. ಹಿಂದೆ ಕುದುರೆ ಪಂದ್ಯದಲ್ಲಿ ಗೆದ್ದು ತಂದ, ಮಾತೆ ಮರಿಯಳ ಚಿತ್ರವಿದ್ದ ರೇಷ್ಮೆ ಪತಾಕೆ ಮಾಯವಾಗಿತ್ತು. ಇಟಲಿಯ ಸಿಯೆನಾದಲ್ಲಿ ಕೇರಿ ಕೇರಿಗಳ ನಡುವೆ ನಡೆಯುವ ಈ ವರ್ಷದ ಪಂದ್ಯಕ್ಕೆ ಎರಡೇ ದಿನ.

ಬೀಗ ಮುರಿದಿರಲಿಲ್ಲ.

"ಬೀಗದ ಕೈ ಯಾರ ಹತ್ರ ಇರುತ್ತೆ?" ಇನ್ಸ್‌ಪೆಕ್ಟರ್ ಒರ್ನೆಲ್ಲಾ ಕೇಳಿದಳು. ಅವಳೂ ಅದೇ ಕೇರಿಯ ಮಗಳು.

"ನನ್ನ ಹತ್ರ. ಸೊಸೆ ಲಿವಿಯಾ ಹತ್ರ," ಎಂದ ಕಾವಲಿನ ಮುದುಕ ನೆಲ್ಲೋ. ಆಗಸ್ಟಿನ ಸೆಕೆಯಲ್ಲೂ ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿದ್ದ.

"ಇನ್ನೇನು ಬೇಕು?" ಬೇಕರಿಯ ಚೆಸಿರಾ ಬಾಗಿಲಿಂದಲೇ ಅಂದಳು. "ಲಿವಿಯಾ ಹುಟ್ಟಿದ್ದು ನಮ್ಮ ವೈರಿ ನವಿಲಿನ ಕೇರೀಲಿ. ಪಂದ್ಯ ಬಂತು ಅಂದ್ರೆ ಗಂಡನ್ನ ಬಿಟ್ಟು ತವರಿಗೆ ಓಡ್ತಾಳೆ. ಬೆಳಿಗ್ಗೆ ಚೀಲ ಹಿಡ್ಕೊಂಡು ಇಲ್ಲಿಂದ ಹೋಗಿದ್ದು ನಾನೇ ನೋಡ್ದೆ. ಇನ್ನು ಅವಳು ನಮ್ಮ ಕೇರಿ ಹೊಸಿಲು ತುಳೀಬಾರ್ದು."

ನೆಲ್ಲೋ ಬರಿಗೋಡೆಯ ಕೆಳಗಿನ ನೆಲ ನೋಡಿದ.

* * *

ಲಿವಿಯಾ ತವರಿನ ಅಡುಗೆಮನೆಯಲ್ಲಿ ಅವರೆ ಬಿಡಿಸುತ್ತಿದ್ದಳು. ಬಂದ ಒರ್ನೆಲ್ಲಾಗೆ ಮೊದಲು ಒಂದು ಲೋಟ ತಣ್ಣೀರು ಕೊಟ್ಟಳು.

"ಚೀಲದಲ್ಲಿ ಏನಿತ್ತು?"

"ತಂದಿದ್ದು ಮಾವನ ಊಟ, ವಾಪಸ್ ಒಯ್ದಿದ್ದು ನಿನ್ನೆಯ ಖಾಲಿ ಡಬ್ಬಿ. ನಾನು ತವರಲ್ಲಿದ್ರೆ ಅವರು ಉಪವಾಸ ಇರ್ಬೇಕಾ?"

"ಪತಾಕೆ ಎಲ್ಲಿ?"

ಅವಳು ತಲೆ ತಗ್ಗಿಸಿದಳು. "ನನ್ನನ್ನ ಕರ್ಕೊಂಡು ಹೋಗೋದಾದ್ರೆ ಕರ್ಕೊಂಡು ಹೋಗಿ ಮೇಡಂ. ಮದುವೆಯಾದಾಗಿಂದ ನಿಮ್ಮ ಕೇರಿಯವರು ಇದಕ್ಕೇ ಕಾಯ್ತಾ ಇದಾರಲ್ಲ." ಆಮೇಲೆ ಮೆಲ್ಲಗೆ, "ಮಾವ ಊಟ ಮಾಡಿದ್ರಾ?"

ಒರ್ನೆಲ್ಲಾ ಹೊರಗೆ ಬಂದಳು. ನವಿಲಿನ ಹುಡುಗರು ನಗಾರಿ ಒಣಗಿಸುತ್ತಿದ್ದರು. ಯಾರೂ ಅವಳನ್ನು ನೋಡಿ ಗೇಲಿಯ ಹಾಡು ಹಾಡಲಿಲ್ಲ. ಅವಳು ಗಕ್ಕನೆ ನಿಂತಳು.

* * *

ಸಂಜೆ ಸಂಗ್ರಹಾಲಯದಲ್ಲಿ ಕೇರಿಯ ಜನ ಸೇರಿದರು.

"ನವಿಲಿನವರು ಕದ್ದಿದ್ರೆ ಕಿಟಕಿಗೆ ಕಟ್ಟಿ, ಊರಿಗೆಲ್ಲ ಕೇಳೋ ಹಾಗೆ ಹಾಡ್ತಿದ್ರು," ಎಂದಳು ಒರ್ನೆಲ್ಲಾ. "ಗೋಡೆ ಕೆಳಗೆ ಒಂದು ಕಡೆ ಮಾತ್ರ ನೆಲ ಉಜ್ಜಿದೆ. ಕಳ್ಳ ಯಾಕೆ ನೆಲ ಒರೆಸ್ತಾನೆ? ನೆಲ್ಲೋ ಅಜ್ಜ, ಈ ದಿನಗಳಲ್ಲಿ ಕೇರಿಯ ಬಣ್ಣದ ವಸ್ತ್ರ ಕತ್ತಿಗೆ ಕಟ್ಟದೆ ಯಾರೂ ಹೊರಗೆ ಬರಲ್ಲ. ನಿಮ್ಮದು ಎಲ್ಲಿ?"

ನೆಲ್ಲೋನ ಕೈ ಅಂಗಿಯ ಗುಂಡಿಗೆ ಹೋಯಿತು.

"ಚೀಟಿ ಎತ್ತಿದಾಗ ನಮಗೆ ಒಳ್ಳೆ ಕುದುರೆ ಬಿದ್ದ ಖುಷೀಲಿ ಪತಾಕೆ ಮುಂದೆ ನಿಂತು ವೈನ್ ಕುಡಿದೆ. ಕೈ ತಪ್ಪಿ ತಾಯಿಯ ಮುಖದ ಮೇಲೆ ಚೆಲ್ತು. ಕತ್ತಿನ ವಸ್ತ್ರದಲ್ಲಿ ಒರೆಸಿದೆ, ಇನ್ನೂ ಹರಡ್ತು. ಎರಡೂ ನನ್ನ ಮಂಚದ ಕೆಳಗಿದೆ."

"ಲಿವಿಯಾ ಊಟ ತಂದಾಗ ನೀವು ನೆಲ ಉಜ್ತಿದ್ರಿ, ಅಲ್ವಾ?"

"ನೋಡಿದ್ಲು."

"ನಿಮ್ಮ ಮಾನ ಉಳಿಸೋಕೆ ಜೈಲಿಗೆ ಹೋಗೋಕೂ ಸಿದ್ಧವಾಗಿದ್ಲು."

ಚೆಸಿರಾ ಮುಖವನ್ನು ಕೈಯಲ್ಲಿ ಮುಚ್ಚಿಕೊಂಡಳು.

ನೆಲ್ಲೋ ಬರಿಗತ್ತಿನಲ್ಲೇ ನವಿಲಿನ ಕೇರಿಯ ಕಡೆ ನಡೆದ. ಹಿಂದೆಯೇ ಒರ್ನೆಲ್ಲಾ. ಅವಳೂ ಮೊದಲು ಸಂಶಯಪಟ್ಟಿದ್ದು ಲಿವಿಯಾಳನ್ನೇ. ನಗಾರಿಯ ಹುಡುಗರು ದಾರಿ ಬಿಟ್ಟರು. ಲಿವಿಯಾ ಬಾಗಿಲು ತೆರೆದಳು. ಇಬ್ಬರೂ ಹೊಸಿಲು ತುಳಿಯದೆ ಹೊರಗೇ ನಿಂತು ತಲೆ ತಗ್ಗಿಸಿದರು.