ಆಚೆಯಿಂದ ಬಂದ ಸೂಜಿ

ಅವತ್ತು ಮಧ್ಯಾಹ್ನ ನಾನೂ ಅಕ್ಕನೂ ಬೆಟ್ಟದ ಮೇಲಿದ್ದೆವು. ಅಕ್ಕನ ಕಾಲು ಉಳುಕಿತ್ತು, ಮಂಜು ಕವಿದಿತ್ತು, ಗಾಳಿಗೆ ಟೆಂಟಿನ ಗೋಡೆ ಒಂದು ಗೇಣು ಹರಿದಿತ್ತು. ಕತ್ತಲಾಗುವುದರೊಳಗೆ ಹೊಲಿಯದಿದ್ದರೆ ಚಳಿಗೆ ನಮ್ಮ ಕಥೆ ಮುಗಿದಂತೆಯೇ.

ನಾನು ಒಳಗೆ ಕೂತು ಹೊಲಿಯತೊಡಗಿದೆ. ಸೂಜಿಯನ್ನು ಹೊರಕ್ಕೆ ಚುಚ್ಚಿದ ಮೇಲೆ, ಹರಿದ ಸಂದಿಯಿಂದ ಕೈ ಹಾಕಿ ವಾಪಸ್ ತಳ್ಳಬೇಕಿತ್ತು. ನಾಲ್ಕನೇ ಹೊಲಿಗೆಗೆ ನಾನು ಕೈ ಹಾಕುವ ಮೊದಲೇ ಸೂಜಿ ಒಳಗೆ ಬಂತು. ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

“ಅಕ್ಕಾ, ಹೊರಗೆ ಯಾರೋ ಇದ್ದಾರೆ.”

“ಹೆಜ್ಜೆ ಸದ್ದೇ ಕೇಳಲಿಲ್ಲವಲ್ಲೇ!” ಅಕ್ಕನ ಮುಖ ಬಿಳಿಚಿಕೊಂಡಿತು. “ಬಿಟ್ಟುಬಿಡು, ಕೆಳಗೆ ಹೋಗೋಣ.”

“ಈ ಕಾಲಲ್ಲಾ? ನಾನಂತೂ ಕದಲಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಸೂಜಿಯನ್ನು ಜೋರಾಗಿ ಚುಚ್ಚಿ, “ಹೊಲಿಯೋದಾದರೆ ನೆಟ್ಟಗೆ ಹೊಲಿ. ಹೆದರಿಸೋಕೆ ಬಂದಿದ್ದರೆ ನಿನ್ನ ದಾರಿ ನೋಡ್ಕೋ,” ಎಂದು ಗದರಿದೆ. ಆಚೆಯಿಂದ ದಾರ ಬಿಗಿಯಾಯಿತು. ನಾನೂ ಬಿಡದೆ ಎಳೆದೆ. ಹಾಗೇ ಕೊನೆಯವರೆಗೂ ಹೊಲಿದೆವು. ಆಮೇಲೆ ಹೊರಗೆ ಹೋಗಿ ಸುತ್ತಲೂ ನೋಡಿದೆ. ಒದ್ದೆ ಮಣ್ಣಿನಲ್ಲಿ ನಮ್ಮಿಬ್ಬರ ಹೆಜ್ಜೆಗಳಷ್ಟೇ ಇದ್ದವು.

ಗಾಳಿ ಎಷ್ಟು ಹೊಡೆದರೂ ಹೊಲಿಗೆ ಬಿಡಲಿಲ್ಲ. ಬೆಳಗಾದ ಮೇಲೆ ಅಕ್ಕನನ್ನು ಹೆಗಲಿಗೆ ಆನಿಸಿಕೊಂಡು ಇಳಿಸಿದೆ.

ಮನೆಯಲ್ಲಿ ಟೆಂಟನ್ನು ತೊಳೆದು ಒಣಗಿಸಲು ಹರಡಿದಾಗ ತಳದಲ್ಲಿ, ಅಕ್ಕ ತಲೆಯಿಟ್ಟು ಮಲಗಿದ್ದ ಜಾಗದಲ್ಲಿ, ಇನ್ನೊಂದು ಉದ್ದನೆಯ ಹೊಲಿಗೆ ಕಂಡಿತು. ನಾನು ಅಲ್ಲಿ ಸೂಜಿಯನ್ನೇ ಚುಚ್ಚಿರಲಿಲ್ಲ.

“ಬಿಸಾಕೇ ಅದನ್ನ!” ಅಂದಳು ಅಕ್ಕ.

“ಯಾಕೆ ಬಿಸಾಕಲಿ? ಗಟ್ಟಿಯಾಗಿದೆ. ಮುಂದಿನ ಸಲವೂ ಇದನ್ನೇ ಒಯ್ತೀನಿ,” ಅಂದೆ.

ಗೋಡೆಗೆ ನಾನು ಹಾಕಿದ್ದ ಗಂಟು ಟೆಂಟಿನ ಒಳಗಡೆಗಿತ್ತು. ತಳದ ಆ ಹೊಲಿಗೆಯ ಗಂಟು ನೆಲದ ಕಡೆಗಿತ್ತು.