ಹತ್ತು ಎಣಿಸುವವರೆಗೆ

ಮಂಗಳವಾರ ಬಂತೆಂದರೆ ಸ್ಪೀಚ್ ಥೆರಪಿಸ್ಟಿಗೆ ಬಾಲ ಸುಟ್ಟ ಬೆಕ್ಕಿನ ಓಡಾಟ. ಆಟಿಕೆಗಳನ್ನು ಜೋಡಿಸುತ್ತಾಳೆ, ಕೆಡವುತ್ತಾಳೆ, ಮತ್ತೆ ಜೋಡಿಸುತ್ತಾಳೆ. ಮೂರು ಗಂಟೆಗೆ ಟೈಲರ್ ಬರುತ್ತಾನೆ, ಅಕ್ಕನ ಎರಡೂವರೆ ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು.

ಮಗುವಿಗೆ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಹೊಸ ಪದ ಬಂದಾಗಲೆಲ್ಲ ಬರೆದಿಡಿ ಎಂದು ಇವಳೇ ಹೇಳಿದ್ದಳು. ಅವನು ತನ್ನ ಅಳತೆ ಪುಸ್ತಕದಲ್ಲಿ, ಯಾರದೋ ತೋಳಿನ ಅಳತೆಯ ಕೆಳಗೆ, ನೀರು, ಬೇಡ, ಕತ್ರಿ ಎಂದು ದುಂಡಗೆ ಬರೆದು ತರುತ್ತಿದ್ದ. ಆ ಅಕ್ಷರಗಳನ್ನು ಇವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದಳು.

ಮಗು ಎರಡೆರಡು ಪದ ಕೂಡಿಸಿ ಮಾತಾಡಿದ ದಿನ ಫೈಲ್ ಮುಗಿಯುತ್ತದೆ, ಅವನು ಮತ್ತೆ ಬರುವುದಿಲ್ಲ. ಆ ದಿನ ಬರಲೆಂದೇ ಇವಳು ದುಡಿಯುವುದು. ಬಾರದಿರಲಿ ಎನ್ನುವುದು ಇವಳ ಪಾಪಿ ಮನಸ್ಸು.

“ಈ ವಾರಾನೂ ಹೊಸದೇನಿಲ್ಲ ಮೇಡಂ,” ಎಂದ, ಕಣ್ಣು ತಪ್ಪಿಸಿ. ಮೂರು ವಾರದಿಂದ ಅದೇ ಮಾತು.

ಇವಳು ಫೈಲಿನ ಹಿಂದಿನ ಪುಟಗಳನ್ನು ತಿರುವಿದಳು. ಮಗು ಹಿಂದೆ ಬಿತ್ತೇ? ಅಷ್ಟರಲ್ಲಿ ಮೂಲೆಯಿಂದ ಕೂಗು: “ಮಾಮಾ, ಚೆಂಡು ಬಿತ್ತು! ಚೆಂಡು ಕೊಡು!”

“ಇದು ಯಾವಾಗಿಂದ?”

“ಮೂರು ವಾರ ಆಯ್ತು.”

“ಮತ್ತೆ ಬರೀಲಿಲ್ಲ ಯಾಕೆ? ನಾನಿಲ್ಲಿ ಹೆದರಿ ಸಾಯ್ತಿದೀನಿ!”

ಟೈಲರ್ ಅಳತೆ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟ. ಮಗುವಿಗಾಗಿ ಇವಳೇ ಅವನಿಗೆ ಕಲಿಸಿದ ಪಾಠವೊಂದಿತ್ತು: ಪ್ರಶ್ನೆ ಕೇಳಿ, ಮನಸ್ಸಲ್ಲೇ ಹತ್ತು ಎಣಿಸಿ, ಉತ್ತರ ನೀವೇ ಹೇಳಿಕೊಡಬೇಡಿ. ಈಗ ಇವಳು ಎಣಿಸಿದಳು. ಒಂದು, ಎರಡು. ಅವನ ಕಿವಿ ಕೆಂಪಾಯಿತು. ಐದು. ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಏಳು. ಇವಳಿಗೆ ತಡೆಯಲಾಗಲಿಲ್ಲ.

“ಫೈಲ್ ಇವತ್ತೇ ಮುಚ್ತೀನಿ. ಮುಂದಿನ ಮಂಗಳವಾರ ನಾನೇ ನಿಮ್ಮ ಅಂಗಡಿಗೆ ಬರ್ತೀನಿ. ಬಟ್ಟೆ ಹೊಲಿಸೋಕಲ್ಲ, ನಿಮ್ಮನ್ನ ನೋಡೋಕೆ.”

ಅವನು ಮೆಲ್ಲಗೆ ನಕ್ಕ. “ಹತ್ತರವರೆಗೂ ಕಾಯಿರಿ ಅಂದೋರು ನೀವೇ. ನಾನೂ ಎಣಿಸ್ತಿದ್ದೆ, ಎಂಟಕ್ಕೆ ಹೇಳೋಣ ಅಂತಿದ್ದೆ.”

“ಏನಂತ?”

“ನೀವಿಲ್ಲದ ಮಂಗಳವಾರ ನನಗೆ ಬೇಡ ಅಂತ.”

ಇವಳು ಫೈಲಿಗೆ ಸಹಿ ಹಾಕಿದಳು. ಆಮೇಲೆ ಅವನ ಅಳತೆ ಪುಸ್ತಕ ಎಳೆದುಕೊಂಡು, ಮೂರು ವಾರ ಖಾಲಿ ಬಿಟ್ಟಿದ್ದ ಜಾಗದಲ್ಲಿ ‘ಚೆಂಡು ಬಿತ್ತು’ ಎಂದು ತಾನೇ ಬರೆದಳು. ಅದರ ಕೆಳಗೆ ತನ್ನ ಫೋನ್ ನಂಬರನ್ನೂ ಬರೆದಳು.