ಹನ್ನೊಂದು ಹಸು, ಒಂದು ತಪ್ಪು

"ಈ ಹಸುಗಳು ಸಾಯ್ಬೇಕಾ ಮೇಡಂ? ನನ್ ಮುಖ ನೋಡಿ ಹೇಳಿ."

ರಕ್ತದ ಹನ್ನೊಂದು ಟ್ಯೂಬುಗಳನ್ನು ಲ್ಯಾಬಿನ ಮೇಜಿನ ಮೇಲಿಟ್ಟು ನಿಂತಿದ್ದ ಪಶುವೈದ್ಯ. ಅವರಿಬ್ಬರ ಮೊದಲ ಭೇಟಿ ಅದು. ಮೇಜಿನಾಚೆ ಕೂತಿದ್ದ ವಿಜ್ಞಾನಿ ತಲೆಯೆತ್ತಲಿಲ್ಲ.

ದನಗಳ ವೈರಸ್ ರೋಗವನ್ನು ಹತ್ತೇ ನಿಮಿಷದಲ್ಲಿ ಹೇಳುವ ಕಿಟ್ಟನ್ನು ನಾಲ್ಕು ವರ್ಷ ಕೂತು ಮಾಡಿದವಳು ಅವಳು. ಲ್ಯಾಬಿನಲ್ಲೆಲ್ಲ ಅವಳಿಗೆ ಕಿಟ್ಟಮ್ಮ ಎಂದೇ ಹೆಸರು. ಒಂದು ಗೆರೆ ಬಂದರೆ ಹಸು ಕ್ಷೇಮ, ಎರಡು ಬಂದರೆ ರೋಗ. ಊರಾಚೆಯ ಅಜ್ಜಿಯೊಬ್ಬಳ ಹನ್ನೊಂದು ಹಸುಗಳಿಗೂ ಎರಡೆರಡು ಗೆರೆ ಬಂದಿತ್ತು. ಸಂಜೆಯೊಳಗೆ ಎಲ್ಲವನ್ನೂ ಕೊಲ್ಲಬೇಕೆಂದು ಇಲಾಖೆಯ ಸಾಹೇಬರ ಆದೇಶ.

"ಕಿಟ್ ಸುಳ್ಳು ಹೇಳಲ್ಲ ಡಾಕ್ಟ್ರೇ."

"ಹಸುನೂ ಹೇಳಲ್ಲ. ಜ್ವರ ಇಲ್ಲ, ಬಾಯಲ್ಲಿ ಹುಣ್ಣಿಲ್ಲ, ಬೆಳಿಗ್ಗೆ ಒಂದು ನನ್ನೇ ಒದೀತು. ಹೋದ ತಿಂಗಳು ನಾನೇ ಲಸಿಕೆ ಹಾಕಿದೀನಿ..."

ಲಸಿಕೆ. ಅವಳು ತಲೆಯೆತ್ತಿದಳು.

ಲಸಿಕೆ ಹಾಕಿದ ಹಸುವಿನ ರಕ್ತದಲ್ಲೂ ರೋಗದ ಜೊತೆ ಹೋರಾಡುವ ಪ್ರತಿಕಾಯ ಇರುತ್ತದೆ. ಕಿಟ್ ಹಿಡಿಯುವುದು ಅದನ್ನೇ. ಅವಳು ಕಿಟ್ ಪರೀಕ್ಷಿಸಲು ಬಳಸಿದ ಆರೋಗ್ಯವಂತ ಹಸುಗಳಲ್ಲಿ ಒಂದಕ್ಕೂ ಲಸಿಕೆ ಆಗಿರಲಿಲ್ಲ.

ಅಯ್ಯೋ, ಇಷ್ಟೂ ಹೊಳೆಯಲಿಲ್ಲವೇ ನನಗೆ...

ವೈರಸ್ಸನ್ನೇ ನೇರವಾಗಿ ಹುಡುಕುವ ಯಂತ್ರಕ್ಕೆ ಹನ್ನೊಂದೂ ಟ್ಯೂಬಿನ ರಕ್ತ ಹಾಕಿ, ಮೂರು ಗಂಟೆ ಕೂತಲ್ಲಿಂದ ಏಳಲಿಲ್ಲ ಅವಳು. ಒಂದರಲ್ಲೂ ವೈರಸ್ ಇರಲಿಲ್ಲ. ಎದ್ದವಳೇ ಸಾಹೇಬರ ಕೋಣೆಗೆ ನುಗ್ಗಿದಳು.

"ಸರ್, ಆದೇಶ ನಿಲ್ಸಿ. ತಪ್ಪು ನನ್ನದು. ಕಿಟ್ ವಾಪಸ್ ತಗೊಳ್ತೀನಿ."

ಆದೇಶ ನಿಂತಿತು. ಪಶುವೈದ್ಯ ಫೋನು ಕಿವಿಗಿಟ್ಟುಕೊಂಡೇ ಅಜ್ಜಿಯ ಮನೆಗೆ ಓಡಿದ. ಅವಳತ್ತ ತಿರುಗಿಯೂ ನೋಡಲಿಲ್ಲ.

ವಾರದ ನಂತರ ಸಾಹೇಬರು ಕರೆದರು. "ಆ ಡಾಕ್ಟ್ರು ನಿನ್ ಬಗ್ಗೆ ಕಾಗದ ಬರ್ದಿದಾರಮ್ಮ. ಓದ್ಕೋ."

ದೂರು, ಇನ್ನೇನು. ನನ್ನ ಮುಖ ಕಂಡರೇ ಆಗದು ಅವರಿಗೆ... ಕಾಗದ ಬಿಡಿಸಿದಳು.

'ತಪ್ಪು ಮಾಡದವರನ್ನು ನಾನು ಕಂಡಿಲ್ಲ. ನಾಲ್ಕು ವರ್ಷದ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಬಿಟ್ಟುಕೊಟ್ಟವರನ್ನು ಈಗ ಕಂಡೆ. ಅವರನ್ನು ಈ ಕೆಲಸದಿಂದ ಬಿಡಿಸಬೇಡಿ. ಹೊಸ ಕಿಟ್ಟಿಗೆ ಎಷ್ಟು ರಕ್ತ ಬೇಕಾದರೂ ನಾನು ತರುತ್ತೇನೆ.'

ಅಕ್ಷರಗಳು ಮಂಜಾದವು.

ಒಂದೂವರೆ ವರ್ಷ ಅವನು ರಕ್ತ ತಂದ, ಅವಳು ಹೊಸ ಕಿಟ್ ಮಾಡಿದಳು. ನಿಜವಾಗಿ ರೋಗ ಬಂದಾಗ ಮಾತ್ರ ಹುಟ್ಟುವ ಪ್ರತಿಕಾಯವನ್ನು ಹಿಡಿಯುವ ಕಿಟ್ ಅದು. ಮೊದಲು ಅಜ್ಜಿಯ ಕೊಟ್ಟಿಗೆಯಲ್ಲೇ ನೋಡಿದರು. ಹನ್ನೊಂದಕ್ಕೂ ಒಂದೇ ಗೆರೆ.

"ನನ್ ಹಸು ಚೆನ್ನಾಗಿವೆ ಅಂತ ನಂಗ್ ಮೊದ್ಲೇ ಗೊತ್ತಿತ್ತು," ಎಂದಳು ಅಜ್ಜಿ. "ನಿಮ್ಮಿಬ್ರ ವಿಷ್ಯಾನೂ ಗೊತ್ತು. ನಿಮಗ್ ಯಾವಾಗ ಗೊತ್ತಾಗೋದು?" ಬಕೆಟ್ ಎತ್ತಿಕೊಂಡು ಹೊರಟೇಹೋದಳು.

ಇಬ್ಬರೂ ಹಸುವನ್ನೇ ನೋಡುತ್ತ ನಿಂತರು.

"ಆವತ್ತು ನೀವು ಜಗಳಕ್ಕೆ ಬರ್ದೇ ಇದ್ದಿದ್ರೆ ಎಷ್ಟು ಕೊಟ್ಟಿಗೆ ಖಾಲಿ ಆಗ್ತಿತ್ತೋ..." ಅವಳು ಹಸುವಿನ ಬೆನ್ನು ಸವರಿದಳು. "ನಿಮಗೆ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ ನಾನು."

"ಹೇಳ್ಬೇಡಿ. ಕೆಲ್ಸ ಮುಗೀತು, ಥ್ಯಾಂಕ್ಸೂ ಆಯ್ತು ಅಂದ್ರೆ ನಾಳೆ ಲ್ಯಾಬಿಗೆ ಬರೋಕೆ ನಂಗೆ ನೆಪಾನೇ ಇರಲ್ಲ."

"ನೆಪ ಬೇಕಾ?"

"ನೆಪ ಇಲ್ದೇ ಬರೋ ಹಕ್ಕು ಬೇಕು. ಜೀವನ ಪೂರ್ತಿ... ಕೊಡ್ತೀರಾ?"

"ದಿನಾ ಜಗಳ ಆಗುತ್ತೆ."

"ಆಗ್ಲಿ. ತಪ್ಪಿದ್ರೆ ನೀವೇ ಒಪ್ಕೋತೀರಲ್ಲ."

ಕಣ್ಣೊರೆಸಿಕೊಂಡು ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು.

"ಹಾಗಾದ್ರೆ ಒಂದು ತಪ್ಪು ಈಗ್ಲೇ ಒಪ್ಕೋತೀನಿ. ಈ ಮಾತನ್ನ ಹೋದ ವರ್ಷಾನೇ ನಾನೇ ನಿಮ್ಮನ್ನ ಕೇಳ್ಬೇಕಿತ್ತು."